ಅಡಿಬರಹದಲ್ಲಿ ಬಂದ ಹೆಸರು

ನೀವು ನಂಬಿ, ಬಿಡಿ. 1989ರ ಬೇಸಿಗೆಯಲ್ಲಿ, ಗಂಗಾವತಿಯ ನನ್ನ ಟೈಪಿಂಗ್ ಅಂಗಡಿಯಲ್ಲಿ, ನಡುಮಧ್ಯಾಹ್ನ ನಡೆದದ್ದಿದು. ಆಗಷ್ಟೇ ಕಂಪ್ಯೂಟರ್ ತಂದಿದ್ದೆ. ನಿವೃತ್ತ ಓವರ್‌ಸಿಯರ್ ಪಂಪಣ್ಣನವರು ಕಾಲುವೆ ತೋಡಿಸಿದ ದಿನಗಳ ನೆನಪುಗಳನ್ನು ಇಂಗ್ಲಿಷಿನಲ್ಲಿ ಬರೆದು, ಪುಸ್ತಕದ ಹಾಗೆ ಮಾಡಿಕೊಡಲು ಹೇಳಿದ್ದರು. ಮರುದಿನ ಹಳೆಯ ಜೊತೆಗಾರರಿಗೆ ಹಂಚುವುದಿತ್ತು. ಮುಖಪುಟಕ್ಕೆ ಅವರ ಹೆಸರು ಹಾಕಿ, ಪ್ರತಿ ಪುಟದ ಅಡಿಯಲ್ಲಿ ಪುಟಸಂಖ್ಯೆ ಮಾತ್ರ ಬರುವಂತೆ ಹೊಂದಿಸಿ ಪ್ರಿಂಟರ್ ಚಾಲೂ ಮಾಡಿದೆ.

ಮೊದಲ ಹಾಳೆ ಎತ್ತಿಕೊಂಡರೆ ಅದರ ಕೆಳಗಿನ ಅಂಚು ತೇವವಾಗಿತ್ತು, ಹಸಿಮಣ್ಣಿನ ವಾಸನೆ ಬರುತ್ತಿತ್ತು. ಪುಟಸಂಖ್ಯೆಯ ಪಕ್ಕದಲ್ಲಿ ‘ಮಾರೆವ್ವ, ಮೈಲು 27’ ಎಂದು ಇಂಗ್ಲಿಷ್ ಅಕ್ಷರಗಳಲ್ಲಿತ್ತು. ಎರಡನೆಯ ಹಾಳೆಯಲ್ಲೂ ಅದೇ, ಮೂರನೆಯದರಲ್ಲೂ ಅದೇ. ಪರದೆಯ ಮೇಲೆ ಹುಡುಕಿದೆ, ಅಂಥ ಹೆಸರೇ ಇರಲಿಲ್ಲ. ಕಂಪ್ಯೂಟರ್ ಆರಿಸಿ ಮತ್ತೆ ಹಚ್ಚಿದೆ. ಮತ್ತೂ ಅದೇ ಬಂತು.

ಅಷ್ಟರಲ್ಲಿ ಪಂಪಣ್ಣನವರೇ ಬಂದರು. ಹಾಳೆಯ ಅಡಿಬರಹ ಓದಿ ನನ್ನತ್ತ ತಿರುಗಿದರು.

“ಗಾದಿಲಿಂಗಪ್ಪ, ಈ ಮೈಲಿಂದು ನಿನಗ ಯಾರು ಹೇಳಿದ್ರಪಾ?”

“ಯಾರೂ ಹೇಳಿಲ್ರಿ. ತಾನ ಬರಾಕತ್ತೈತಿ. ಯಾರ್ರೀ ಈಕಿ?”

ಅವರು ಆ ಅಕ್ಷರಗಳ ಮೇಲೆ ಬೆರಳಾಡಿಸಿದರು.

“ಕಾಲುವಿ ತೋಡೋವಾಗ ಇಪ್ಪತ್ತೇಳನೇ ಮೈಲಿನಾಗ ಮಣ್ಣು ಕುಸಿದು ಒಬ್ಬಾಕಿ ಸತ್ಲು. ಅವತ್ತ ಕೆಲಸಕ್ಕ ಸೇರಿದಾಕಿ. ಹೆಣ ಸಿಕ್ತು, ಹೆಸರು ಸಿಗಲಿಲ್ಲ. ಯಾವ ಊರಾಕಿ ಅಂತ ಸೈತ ಯಾರಿಗೂ ಗೊತ್ತಿರಲಿಲ್ಲ. ಅದಕ್ಕ ಇದ್ರಾಗ ಬರಿಯೋದ ಬಿಟ್ಟಿದ್ದೆ. ಆಕಿ ಹೆಸರು ನಾನೂ ಇವತ್ತ ಓದಾಕತ್ತೀನಿ.”