ಕೆಂಪು ಗುಂಡಿಯಡಿಯ ಮಸಿ

"ಅದ ಬಿಚ್ಚಬ್ಯಾಡ ಕಣಪ್ಪ. ಸತ್ತೋದ ಬಟನ್ನು ಸತ್ತಂಗೇ ಇರ್ಲಿ."

ಪಡಸಾಲೆಯ ಕಂಬಕ್ಕೆ ಒರಗಿ ಅವರೆಕಾಯಿ ಸುಲಿಯುತ್ತಿದ್ದ ಮಲ್ಲಾಜಮ್ಮ ತಲೆಯೆತ್ತದೆ ಹೇಳಿದಳು. ಸುನೀಲ್ ಕುಮಾರ್ ನಕ್ಕುಬಿಟ್ಟ.

"ಸಾಯೋಕೆ ಅದೇನು ಕೋಳೀನಾ ಅಜ್ಜಿ? ಕೀಬೋರ್ಡಿನ ಬಟನ್ ಒಳಗೊಂದು ರಬ್ಬರ್ ಇರುತ್ತೆ. ಅದರ ತುದೀಲಿ ಕಪ್ಪು ಇರುತ್ತೆ. ಒತ್ತಿ ಒತ್ತಿ ಆ ಕಪ್ಪು ಸವೆದರೆ ಕರೆಂಟ್ ದಾಟಲ್ಲ. ಅಷ್ಟೇ."

"ಆ ಕಪ್ಪು ಎಲ್ಲಿಂದ ಬಂದದ್ದು ಅಂತ ನಿಂಗೊತ್ತಾ?"

"ಅವ್ವಾ!" ಎಂದು ಮಗ ಶಂಕರ ಗದರಿದ. ಮರುಕ್ಷಣವೇ ಮುಖ ಸಡಿಲಿಸಿ, "ಅವ್ವಂಗೆ ವಯಸ್ಸಾಯ್ತು ಕಣ್ ತಮ್ಮ. ಮೊನ್ನೆ ಮಿಕ್ಸಿಗೂ ದೃಷ್ಟಿ ತೆಗುದ್ಲು," ಎಂದ. ಇಬ್ಬರೂ ನಕ್ಕರು. ಮುದುಕಿ ನಗಲಿಲ್ಲ.

ಸುನೀಲ್ ತಿಪಟೂರಿನ ಕಡೆಯವನು. ಸಂತೆಮರಹಳ್ಳಿಯ ಶಾಲೆಗೆ ವಿಜ್ಞಾನದ ಮೇಷ್ಟರಾಗಿ ಬಂದು ಎಂಟು ತಿಂಗಳಾಗಿತ್ತು. ಊರು ಹೊಸದು, ಜನ ಹೊಸಬರು. ಪಕ್ಕದ ಮನೆಯ ಶಂಕರ ಅವನಿಗೆ ಮನೆ ಹುಡುಕಿಕೊಟ್ಟಿದ್ದ. ಹೆಂಡತಿ ವನಿತಾ ಜ್ವರದಿಂದ ಮಲಗಿದಾಗ ಹದಿನೈದು ದಿನ ಊಟ ತಂದುಕೊಟ್ಟಿದ್ದ. ಒಡಹುಟ್ಟಿದವರಿಲ್ಲದ ಸುನೀಲನಿಗೆ 'ತಮ್ಮ' ಎಂಬ ಆ ಕರೆ ಹಬ್ಬದೂಟದಷ್ಟು ಹಿತವಾಗಿತ್ತು.

ಶಂಕರ ಮದುವೆಮನೆಗಳ ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸುತ್ತಿದ್ದವನು. ಮಗಳು ಪ್ರಿಯಾಂಕ ಹಾಡುತ್ತಿದ್ದಳು. ಎರಡು ವರ್ಷದ ಹಿಂದೆ ಚಂದಕವಾಡಿಯ ಒಂದು ಮದುವೆಯಲ್ಲಿ, ಹಾಡಿನ ನಡುವೆಯೇ ಹುಡುಗಿಯ ದನಿ ನಿಂತಿತು. ಮತ್ತೆ ಬರಲಿಲ್ಲ. ಅದೇ ಕ್ಷಣಕ್ಕೆ ಕೀಬೋರ್ಡಿನ ತಾಳ ಶುರು ಮಾಡುವ ಕೆಂಪು ಗುಂಡಿಯೂ ಕೆಟ್ಟಿತ್ತು. ಹುಡುಗಿ ಏನನ್ನೋ ಕಂಡು ಹೆದರಿಕೊಂಡಳು ಎಂದಷ್ಟೇ ಶಂಕರ ಹೇಳಿದ್ದ. ಸುನೀಲ್ ನಂಬಿದ್ದ.

ಹಳೆಯ ಸೀರೆಯಲ್ಲಿ ಸುತ್ತಿದ್ದ ಕೀಬೋರ್ಡನ್ನು ಶಂಕರ ಒಳಗಿನಿಂದ ತಂದ. ಸುನೀಲ್ ಕೈ ಚಾಚಿದ. ಶಂಕರ ಅದನ್ನು ಆ ಕೈಗೆ ಕೊಡದೆ ಹೊಸಿಲಾಚೆ ನೆಲದ ಮೇಲಿಟ್ಟು ಎರಡು ಹೆಜ್ಜೆ ಹಿಂದಕ್ಕೆ ಸರಿದ.

"ನೀನೇ ಎತ್ಕೊ ತಮ್ಮ."

ಉಪ್ಪು, ಮೆಣಸಿನಕಾಯಿಗಳನ್ನು ಕೈಯಿಂದ ಕೈಗೆ ಕೊಡುವುದಿಲ್ಲ ಎಂಬುದನ್ನು ಸುನೀಲ್ ಬಲ್ಲ. ಕೀಬೋರ್ಡಿಗೂ ಆ ಮಡಿಯೇ ಎಂದುಕೊಂಡು, ನಗುತ್ತಲೇ ಬಗ್ಗಿ ಎತ್ತಿಕೊಂಡ. ಮಲ್ಲಾಜಮ್ಮನ ಬೆರಳುಗಳು ಅವರೆಕಾಯಿಯ ಮೇಲೆ ನಿಂತುಹೋದವು.

"ಸರಿಯಾದ್ಮೇಲೆ ನಿನ್ ಮಗಳ ಕೈಲೇ ಮೊದಲು ಹಾಡ್ಸು," ಎಂದ ಶಂಕರ. "ನಮ್ಮನೇಲಿ ಹಾಡೋರು ಯಾರವ್ರೆ ಈಗ?"

ಆ ಮಾತಿಗೆ ಸುನೀಲನ ಕಣ್ಣು ತೇವವಾಯಿತು.

ಭಾನುವಾರ ಮಧ್ಯಾಹ್ನ ಅವನು ಚಾಪೆಯ ಮೇಲೆ ಕೀಬೋರ್ಡನ್ನು ಬೋರಲು ಹಾಕಿ ಸ್ಕ್ರೂಗಳನ್ನು ಬಿಚ್ಚಿದ. ಆರು ವರ್ಷದ ನಯನಾ ಅವುಗಳನ್ನು ಬಟ್ಟಲಿಗೆ ಹಾಕುತ್ತ ಕುಳಿತಳು. ಒಳಗಿನ ಹಸಿರು ಸರ್ಕ್ಯೂಟ್ ಹಲಗೆಯನ್ನು ಎತ್ತಿ, ಗುಂಡಿಗಳ ಕೆಳಗಿನ ರಬ್ಬರ್ ಪಟ್ಟಿಯನ್ನು ಮೆಲ್ಲಗೆ ಬಿಡಿಸಿದ. ಎಲ್ಲ ಗುಂಡಿಗಳ ಅಡಿಯಲ್ಲಿ ಮಾಸಲು ಧೂಳು. ಕೆಂಪು ಗುಂಡಿಯ ಅಡಿಯಲ್ಲಿ ಮಾತ್ರ ದಪ್ಪನೆಯ ಮಸಿ. ಕಂಪನಿಯವರು ಹಾಕಿದ್ದಲ್ಲ, ಯಾರೋ ಬೆರಳಿನಿಂದ ಮೆತ್ತಿದ್ದು. ಅದರಿಂದ ಸುಟ್ಟ ಕೂದಲಿನ ವಾಸನೆ ಬರುತ್ತಿತ್ತು.

ಶಂಕರಣ್ಣ ತಾನೇ ರಿಪೇರಿಗೆ ಕೈ ಹಾಕಿದ್ದಾನೆ ಎಂದುಕೊಂಡ ಸುನೀಲ್, ಹತ್ತಿಗೆ ಸ್ಪಿರಿಟ್ ಅದ್ದಿ ಒರೆಸಿದ. ಮೂರು ತುಂಡು ಹತ್ತಿ ಕಪ್ಪಾಯಿತು. ನಯನಾಳ ಪೆನ್ಸಿಲಿನ ಸೀಸವನ್ನು ಹೆರೆದು ಪುಡಿ ಮಾಡಿ, ಒಂದು ಹನಿ ಅಂಟಿನಲ್ಲಿ ಕಲಸಿ, ಸವೆದ ರಬ್ಬರಿನ ತುದಿಗೆ ಹಚ್ಚಿ ಒಣಗಲು ಬಿಟ್ಟ. ಉಗುರಿಗೆ ಹತ್ತಿದ್ದ ಹಳೆಯ ಮಸಿ ಮಾತ್ರ ಸೋಪಿಗೂ ಹೋಗಲಿಲ್ಲ.

ಸಂಜೆ ನಾಲ್ಕಕ್ಕೆ ಎಲ್ಲವನ್ನೂ ಮೊದಲಿನಂತೆ ಜೋಡಿಸಿದ.

"ಅಪ್ಪಾ, ನಾನು ಒತ್ಲಾ?"

"ಒತ್ತು ಕಂದ."

ಕೆಂಪು ದೀಪ ಹೊತ್ತಿತು. ತಾಳ ಬಡಿಯಿತು. ಮಗು ಚಪ್ಪಾಳೆ ತಟ್ಟಿ, ಶಾಲೆಯಲ್ಲಿ ಕಲಿತ ಹಾಡನ್ನು ಶುರು ಮಾಡಿತು. ಒಂದು ಸಾಲು ಹಾಡಿದಳು. ಎರಡನೆಯ ಸಾಲಿಗೆ ಬಾಯಿ ತೆರೆದಳು. ತುಟಿಗಳು ಆಡಿದವು. ಶಬ್ದವಿಲ್ಲ. ಹಾಡು ಮಾತ್ರ ನಿಲ್ಲಲಿಲ್ಲ. ಅದೇ ಎಳೆಯ ದನಿ, ಅದೇ ತೊದಲು, ಕೀಬೋರ್ಡಿನೊಳಗಿನಿಂದ ಬಂದಿತು.

ದೀಪ ಆರಿತು. ತಾಳ ನಿಂತಿತು.

ಆಗ ಗೋಡೆಯಾಚೆಯ ಮನೆಯಲ್ಲಿ, ಎರಡು ವರ್ಷದಿಂದ ಯಾರೂ ಕೇಳದಿದ್ದ ಹುಡುಗಿಯ ದನಿಯೊಂದು ಕೂಗಿತು. "ಅಪ್ಪಾಜೀ!"

ಅದರ ಹಿಂದೆಯೇ ಶಂಕರ ಬಿಕ್ಕಿ ಬಿಕ್ಕಿ ಅಳುವುದು ಕೇಳಿಸಿತು.

ಸುನೀಲ್ ಮಗುವನ್ನು ಎತ್ತಿಕೊಂಡು ಓಡಿದ. ಎಂಟು ತಿಂಗಳಲ್ಲಿ ಒಂದು ದಿನವೂ ಹಗಲು ಹೊತ್ತು ಮುಚ್ಚದಿದ್ದ ಆ ಬಾಗಿಲಿಗೆ ಒಳಗಿನಿಂದ ಅಗುಳಿ ಬಿದ್ದಿತ್ತು.

"ಶಂಕರಣ್ಣಾ! ಅಣ್ಣಾ!"

ಒಳಗೆ ಅಳು ತಟ್ಟನೆ ನಿಂತಿತು. ಅಗುಳಿ ತೆಗೆಯಲಿಲ್ಲ.

ಚಾಮರಾಜನಗರದ ವೈದ್ಯರು ದೀಪ ಹಿಡಿದು ನೋಡಿ, ಮಗುವಿನ ಗಂಟಲಲ್ಲಿ ಯಾವ ದೋಷವೂ ಇಲ್ಲ ಎಂದರು. ಮನೆಗೆ ಮರಳುವ ಹೊತ್ತಿಗೆ ಶಂಕರ ಹೆಂಡತಿ ಮಗಳನ್ನು ಕರೆದುಕೊಂಡು ಗುಂಡ್ಲುಪೇಟೆಯ ಮಾವನ ಮನೆಗೆ ಹೊರಟುಹೋಗಿದ್ದ.

ಮೂರನೆಯ ದಿನ ಮಲ್ಲಾಜಮ್ಮ ಗೋಡೆ ತಡವಿಕೊಂಡು ಹಿತ್ತಿಲ ಬಾಗಿಲಿಗೆ ಬಂದಳು.

"ಚಂದಕವಾಡೀಲಿ ಹೊಟ್ಟೆಕಿಚ್ಚಿಗೆ ಯಾರೋ ಮಾಟ ಮಾಡ್ಸುದ್ರು ಕಣಪ್ಪ. ಸುಡುಗಾಡಿನ ಇದ್ದಲು ಅದು. ಬಟನ್ ಸತ್ತಿರೋಗಂಟ ಒಳಗಿರೋ ದನಿ ಒಳಗೇ. ಸರಿ ಮಾಡ್ದೋನು, ಇಲ್ಲಾ ಅವನ ನೆತ್ತರಿಗೆ ಹುಟ್ಟಿದ ಕೂಸು, ಮೊದಲು ಹಾಡ್ಬೇಕು. ಅವರ ದನಿ ಒಳಕ್ಕೆ. ಒಳಗಿರೋದು ಈಚ್ಗೆ."

"ಶಂಕರಣ್ಣನಿಗೆ ಗೊತ್ತಿತ್ತಾ?"

"ನೀನೇ ಬಿಚ್ಚಿ ಸರಿಮಾಡಿ ನೀನೇ ಹಾಡು ಅಂತ ಶಾಸ್ತ್ರ ನೋಡ್ದೋನು ಅವಂಗೇ ಹೇಳಿದ್ದ. ಹೆದರ್ಕೊಂಡ. ನಂಗೆ ಕಣ್ಣು ಕಾಣ್ದು, ಬಿಚ್ಚಾಕೆ ಬರ್ದು. ರಿಪೇರಿ ಬಲ್ಲೋನು ಯಾರಾರ ಬರ್ಲಿ ಅಂತ ಎರಡು ವರ್ಷ ಕಾದ. ನೀ ಬಂದೆ." ಮುದುಕಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ಮೊಮ್ಮಗಳ ಆಸೆಗೆ ನಾನೂ ಪೂರ್ತಿ ಹೇಳ್ದೆ ಬುಟ್ಬುಟ್ಟೆ."

ಹದಿನೈದು ದಿನದ ಊಟ ಸುನೀಲನಿಗೆ ನೆನಪಾಯಿತು.

ಬಸ್ ನಿಲ್ದಾಣದ ಎದುರು ಮೊಬೈಲ್ ರಿಪೇರಿ ಮಾಡುವ ಗಣೇಶನ ಮುಖವೂ ಒಂದು ಗಳಿಗೆ ಮನಸ್ಸಿಗೆ ಬಂತು. ಅವನ ಅಂಗಡಿಯ ಮುಂದೆ ಕೀಬೋರ್ಡನ್ನು ನೆಲದ ಮೇಲಿಟ್ಟರಾಯಿತು. ಅವನಿಗೂ ಇಬ್ಬರು ಮಕ್ಕಳು. ಸುನೀಲ್ ಆ ಯೋಚನೆಗೆ ತಾನೇ ಬೆಚ್ಚಿ, ದೇವರ ಪಟದ ಕಡೆ ನೋಡಲಾರದೆ ತಲೆ ತಗ್ಗಿಸಿದ.

ಮುಸ್ಸಂಜೆಗೆ ಅವನು ಹೆಂಡತಿ ಮಗುವನ್ನು ಹೊರಗಿನ ಜಗಲಿಯಲ್ಲಿ ಕೂರಿಸಿ, ಕೋಣೆಯ ಬಾಗಿಲು ಹಾಕಿಕೊಂಡ. ಕರೆಂಟ್ ಹೋಗಿತ್ತು. ಮೇಣದ ಬತ್ತಿ ಹಚ್ಚಿ ಸ್ಕ್ರೂಗಳನ್ನು ಬಿಚ್ಚಿದ. ರಬ್ಬರ್ ಪಟ್ಟಿಯನ್ನು ಎತ್ತಿದ.

ಅವನು ಹಚ್ಚಿದ್ದ ಸೀಸ ಅಲ್ಲಿರಲಿಲ್ಲ. ಮಸಿ ಮರಳಿ ಬಂದಿತ್ತು. ಹಸಿಯಾಗಿತ್ತು. ಬೆಚ್ಚಗಿತ್ತು. ಬೆರಳಿಟ್ಟರೆ ಮಗುವಿನ ಕತ್ತಿನ ಹಾಗೆ ಮಿಡಿಯಿತು.

ಹತ್ತಿ ಒತ್ತಿದ. ಒಳಗೆ ಯಾರೋ ಬಿಕ್ಕಿದರು. ತಂತಿ ಗೋಡೆಗೆ ಸಿಕ್ಕಿಸಿರಲಿಲ್ಲ. ಸೆಲ್ಲುಗಳಿರಲಿಲ್ಲ. ಒರೆಸಿದ. ಸುಟ್ಟ ಕೂದಲಿನ ಹೊಗೆ ಮೂಗಿಗೆ ಅಡರಿತು. ಮತ್ತೆ ಒರೆಸಿದ. ಬತ್ತಿ ಆರಿತು. ಕತ್ತಲಲ್ಲೇ ಪೆನ್ಸಿಲ್ ಹೆರೆದ. ಬೆರಳು ಕೊಯ್ದಿತು. ರಕ್ತವೋ ಅಂಟೋ ತಿಳಿಯಲಿಲ್ಲ. ಹಚ್ಚಿದ. ಒಣಗಲೆಂದು ಊದಿದ. ಪಟ್ಟಿ ಕೂರಿಸಿದ. ಹಲಗೆ ಕೂರಿಸಿದ. ಗುಂಡಿ ಒತ್ತಿದ.

ದೀಪ ಹೊತ್ತಿತು. ಕೋಣೆಯೆಲ್ಲ ಕೆಂಪಾಯಿತು. ತಾಳ ಬಡಿಯಿತು.

ಸುನೀಲನಿಗೆ ಹಾಡಲು ಬರುತ್ತಿರಲಿಲ್ಲ. ಮಗಳ ಹಾಡಿನ ಎರಡನೆಯ ಸಾಲನ್ನೇ ಒರಟು ದನಿಯಲ್ಲಿ ಹಾಡಿದ. ಯಾರೋ ಗಂಟಲಿಗೆ ಕೈಯಿಟ್ಟು ಬೇರು ಕೀಳುವಂತೆ ಕಿತ್ತರು. ಉಸಿರು ಕಟ್ಟಿತು. ದೀಪ ಆರಿತು.

ಬಾಗಿಲಾಚೆಯಿಂದ ಮಗು ಕೂಗಿತು. "ಅಪ್ಪಾ! ಅಮ್ಮಾ, ಅಪ್ಪ ಎಲ್ಲಿ?"

ಬಂದೆ ಕಂದ ಎನ್ನಲು ಅವನು ಬಾಯಿ ತೆರೆದ.

ಹದಿನೈದು ದಿನದ ಮೇಲೆ ಶಂಕರ ಬಂದ. ಸುದ್ದಿ ತಿಳಿದೇ ಬಂದಿದ್ದ. ಹೊಸಿಲ ಹೊರಗೆ ಕುಸಿದು ಕುಳಿತು, ಸುನೀಲನ ಕಾಲು ಹಿಡಿದುಕೊಂಡ.

"ತಪ್ಪಾಯ್ತು ಕಣ್ ತಮ್ಮ. ಒಂದ್ ಮಾತು ಬಯ್ದುಬುಡು. ನಿನ್ ದಮ್ಮಯ್ಯ, ಒಂದ್ ಮಾತು..."

ಸುನೀಲ್ ಕಾಲು ಬಿಡಿಸಿಕೊಂಡು ಒಳಗೆ ಹೋಗಿ ನಯನಾಳ ಸ್ಲೇಟು ತಂದ. ನಿಂತೇ ಬರೆದ. ಶಂಕರ ಕೈ ಚಾಚಿದ. ಸುನೀಲ್ ಸ್ಲೇಟನ್ನು ಆ ಕೈಗೆ ಕೊಡಲಿಲ್ಲ. ನೆಲದ ಮೇಲಿಟ್ಟು ಎರಡು ಹೆಜ್ಜೆ ಹಿಂದಕ್ಕೆ ಸರಿದ.

ಶಂಕರ ತಾನೇ ಎತ್ತಿಕೊಂಡು ಓದಿದ.

'ನಿಜ ಹೇಳಿದ್ದರೆ, ಪ್ರಿಯಾಂಕಳಿಗೋಸ್ಕರ ಅವತ್ತೇ ನಾನು ಹಾಡುತ್ತಿದ್ದೆ, ಅಣ್ಣ.'

ಶಂಕರ ಬಾಯಿ ತೆರೆದ. ಮಾತು ಹೊರಡಲಿಲ್ಲ. ಅವನ ಗಂಟಲಲ್ಲಿ ಯಾವ ದೋಷವೂ ಇರಲಿಲ್ಲ.