ಪೂರ್ಣವಿರಾಮ ಓದುವವನು

“ನಿನ್ನನ್ನು ನೋಡಿದಂದಿನಿಂದ ಅಲ್ಪವಿರಾಮ ನನಗೆ ನಿದ್ದೆಯಿಲ್ಲ ಪೂರ್ಣವಿರಾಮ,” ಎಂದು ಅವನು ಗಂಭೀರವಾಗಿ ಓದಿದ.

ಲೇಖಕಿ ಕನ್ನಡಕ ತಲೆ ಮೇಲೆ ಏರಿಸಿ ರೆಕಾರ್ಡಿಂಗ್ ನಿಲ್ಲಿಸಿದಳು. ಇದು ಒಂಬತ್ತನೇ ಸಲ.

“ಚಿಹ್ನೆ ಓದ್ಬೇಡಿ ಅಂದೆನಲ್ಲ.”

“ಪ್ರೆಸ್ಸಲ್ಲಿ ಹನ್ನೊಂದು ವರ್ಷ ಹೀಗೇ ಓದಿದ್ದು. ನಾನು ಗಟ್ಟಿಯಾಗಿ ಓದೋದು, ಇನ್ನೊಬ್ಬರು ಅಚ್ಚಿನ ಕರಡಿಗೆ ತಾಳೆ ನೋಡೋದು. ಒಂದು ಚಿಹ್ನೆ ನುಂಗಿದ್ರೂ ಬೈತಿದ್ರು.”

“ಪ್ರೆಸ್ಸು ಮುಚ್ಚಿ ಆರು ತಿಂಗಳಾಯ್ತು. ಈಗ ಬೈಯೋಳು ನಾನು.”

“ಗೊತ್ತಾಗ್ತಿದೆ.”

ಇಬ್ಬರೂ ಕೂತಿದ್ದದ್ದು ಅವಳ ಚಿಕ್ಕಮ್ಮನ ಬಟ್ಟೆ ಬೀರುವಿನೊಳಗೆ. ಸ್ಟುಡಿಯೊ ಬೇಕಿಲ್ಲ, ಕಂಬಳಿಗಳ ನಡುವೆ ಕೂತರೆ ಸಾಕು, ದನಿ ಸ್ವಚ್ಛವಾಗಿ ಬರುತ್ತದೆ ಎಂದು ಯಾವುದೋ ವಿಡಿಯೊದಲ್ಲಿ ಹೇಳಿದ್ದರು. ಮೊಣಕಾಲಿಗೆ ಮೊಣಕಾಲು ತಾಗುತ್ತದೆಂದು ಹೇಳಿರಲಿಲ್ಲ.

ನಾಲ್ವರು ಪ್ರಕಾಶಕರು ಅವಳ ಕಾದಂಬರಿಯ ಕಟ್ಟನ್ನು ಬಿಚ್ಚದೆಯೇ ವಾಪಸ್ ಕಳಿಸಿದ್ದರು. ಕೊನೆಗೆ ಅವಳೇ ಇ-ಬುಕ್ ಮಾಡಿ ಹಾಕಿದಳು. ಕೆಲಸ ಕಳೆದುಕೊಂಡಿದ್ದ ಈ ಪ್ರೂಫ್ ರೀಡರ್ ಫೋನಿನಲ್ಲೇ ತಪ್ಪು ತಿದ್ದಿಸಿದ್ದ. ಅವನ ದನಿ ಎಂಥದ್ದೆಂದರೆ, ಮೂರನೇ ಅಧ್ಯಾಯದಿಂದ ಅವಳು ಬೇಕೆಂದೇ ತಪ್ಪು ಬಿಡತೊಡಗಿದ್ದಳು.

ಈಗ ಒಂದು ಆಡಿಯೊ ಬುಕ್ ಕಂಪನಿ ಹತ್ತು ನಿಮಿಷದ ಮಾದರಿ ಕೇಳಿತ್ತು. ಐದು ಗಂಟೆಯೊಳಗೆ ಕಳಿಸದಿದ್ದರೆ ಅವಕಾಶ ಬೇರೆಯವರ ಪಾಲು. ಆಗಲೇ ನಾಲ್ಕೂಕಾಲು.

ಬಾಗಿಲು ಬಡಿದ ಸದ್ದಾಯಿತು. “ನನ್ನ ಸ್ವೆಟರ್ ಕೊಡೇ. ಆಮೇಲೆ ಪ್ರೇಮ ಮುಂದುವರಿಸಿ,” ಎಂದರು ಚಿಕ್ಕಮ್ಮ.

“ಅದು ಕಥೆ, ಚಿಕ್ಕಮ್ಮ.”

“ನಾನೂ ಕಥೆ ಅಂತಲೇ ಹೇಳಿದ್ದು. ನೀನೇ ಓದಬಾರದೇನೇ?”

“ನಾನು ಓದಿದ್ರೆ ಹಾಜರಿ ಕೂಗಿದ ಹಾಗಿರುತ್ತೆ.”

ಸ್ವೆಟರ್ ಹೊರಹೋಯಿತು, ಬಾಗಿಲು ಮುಚ್ಚಿತು. ಲೇಖಕಿ ಅವನ ಕೈಯಿಂದ ಹಾಳೆಗಳನ್ನು ಕಿತ್ತುಕೊಂಡು ಅವುಗಳ ಮೇಲೆಯೇ ಕೂತಳು.

“ಮೂರು ಸಲ ತಿದ್ದಿದ್ದೀರಿ, ಬಾಯಿಪಾಠ ಆಗಿರುತ್ತೆ. ಓದಬೇಡಿ. ನನ್ನ ನೋಡ್ಕೊಂಡು ಹೇಳಿ.”

“ನಿಮ್ಮನ್ನಾ?”

“ಇನ್ನೆಲ್ಲಿ ನೋಡ್ತೀರಿ? ಇರೋದೇ ಇಷ್ಟು ಜಾಗ.”

ಅವನು ಅವಳ ಗಲ್ಲ ನೋಡಿದ. ಕಂಬಳಿ ನೋಡಿದ. ಕೊನೆಗೆ ಕಣ್ಣಿಗೆ ಬಂದ.

“ನಿನ್ನನ್ನು ನೋಡಿದಂದಿನಿಂದ ನನಗೆ ನಿದ್ದೆಯಿಲ್ಲ.”

ಚಿಹ್ನೆಗಳೆಲ್ಲ ಎಲ್ಲಿ ಹೋದವೋ. ಅಧ್ಯಾಯ ಸಲೀಸಾಗಿ ಸಾಗಿತು. ಅವಳೇ ಬರೆದ ಮಾತಿಗೆ ಅವಳದೇ ಎದೆ ಹೊಡೆದುಕೊಳ್ಳುವುದು ಅವಳಿಗೆ ಸ್ವಲ್ಪ ನಾಚಿಕೆಗೇಡೆನಿಸಿತು. ಹತ್ತು ನಿಮಿಷ ಮುಗಿಯಿತು. ಅವನು ನಿಲ್ಲಿಸಲಿಲ್ಲ.

“ಕೋಪ ಬಂದಾಗ ನೀನು ಕನ್ನಡಕ ತಲೆ ಮೇಲೆ ಏರಿಸ್ತೀಯ. ಆಮೇಲೆ ಅದನ್ನೇ ಹುಡುಕ್ತೀಯ. ದಿನಾ ಕೋಪ ಬರಿಸಿ, ದಿನಾ ಹುಡುಕಿಕೊಡೋಣ ಅನ್ಸುತ್ತೆ.”

ಲೇಖಕಿಯ ಕೈ ತಲೆಗೆ ಹೋಯಿತು. ಕನ್ನಡಕ ಅಲ್ಲೇ ಇತ್ತು.

“ಇದು ನನ್ನ ಪುಸ್ತಕದಲ್ಲಿಲ್ಲ.”

“ಇಲ್ಲ.” ಅವನ ಕಿವಿ ಕೆಂಪಾಗಿತ್ತು. “ಕತ್ತರಿಸಿ ಕಳ್ಸಿ. ಹೊತ್ತಾಯ್ತು.”

ಅವಳು ಕತ್ತರಿಸಿದಳು. ಐದಕ್ಕೆ ನಾಲ್ಕು ನಿಮಿಷವಿರುವಾಗ ಮಾದರಿ ಹೋಯಿತು. ಅವನು ಬಾಗಿಲಿಗೆ ಕೈಹಾಕಿದ. ಅವಳು ಜಾಗ ಬಿಡಲಿಲ್ಲ. ಲ್ಯಾಪ್‌ಟಾಪನ್ನು ಮಡಿಲಿಗೆಳೆದುಕೊಂಡು ಏನೋ ಕುಟ್ಟತೊಡಗಿದಳು.

“ಇನ್ನೇನು ಕೆಲಸ?”

“ಅಚ್ಚಾಗಿದ್ರೆ ಎರಡನೇ ಮುದ್ರಣಕ್ಕೆ ಕಾಯ್ಬೇಕಿತ್ತು. ಇ-ಬುಕ್ಕಿಗೆ ಈಗಲೇ ಸೇರಿಸಬಹುದು. ಆ ಕೋಪದ ಮಾತು ಇನ್ನೊಂದ್ಸಲ ಹೇಳಿ, ನಿಧಾನಕ್ಕೆ.”

ಅವನು ಗಂಟಲು ಸರಿಮಾಡಿಕೊಂಡ. “ಅದಕ್ಕೆ ನಾಯಕಿ ಏನಂತಾಳೆ?”

ಅವಳು ಪರದೆಯನ್ನು ಅವನತ್ತ ತಿರುಗಿಸಿದಳು. ಪುಟದಲ್ಲಿ ಒಂದೇ ಪದವಿತ್ತು: ಹ್ಞೂ.

“ಆಗ್ಲೇ ಅಂದಾಗಿದೆ. ನಿಮ್ಮ ಮಾತೇ ಲೇಟು.”