ಕಪಿಲಣ್ಣನ ಒಲ್ಲೆ

"ಒಲ್ಲೆ."

ಆಯಿಯ ಕೈಯಲ್ಲಿದ್ದ ಹೋಳಿಗೆ ಅಲ್ಲೇ ನಿಂತುಬಿಟ್ಟಿತು. ಅದರಿಂದ ಬಿಸಿ ತುಪ್ಪ ತೊಟ್ಟಿಕ್ಕುತ್ತಿತ್ತು.

"ಏನಂದೀ?" ಆಯಿ ಕೇಳಿದಳು.

"ಒಲ್ಲೆ," ಅಂದ ಕಪಿಲ. ತಟ್ಟೆಯ ಮೇಲೆ ಕೈ ಅಡ್ಡ ಹಿಡಿದ.

ಊಟಕ್ಕೆ ಕೂತವರೆಲ್ಲ ತಲೆ ಎತ್ತಿ ನೋಡಿದರು. ಯಶೋಧರಾಗಂತೂ ನೆಲ ಬಾಯಿ ಬಿಟ್ಟರೆ ಒಳಗೆ ಇಳಿದುಬಿಡೋಣ ಅನ್ನಿಸಿತು. ಕಮಲಾಪುರದಲ್ಲಿ ಅಜ್ಜಿ ತುಳಜಾಬಾಯಿ ಆಯಿಯ ಹೋಳಿಗೆಗೆ ಒಲ್ಲೆ ಅಂದವರು ಯಾರಾದರೂ ಇದ್ದಾರೆಯೇ? ಅದೂ ಮೊದಲನೇ ಹೋಳಿಗೆಗೆ! ಹೋದ ಸಲ ಇದೇ ಕಪಿಲಣ್ಣ ನಾಲ್ಕು ತಿಂದು, ಐದನೆಯದನ್ನು ಜೇಬಿನಲ್ಲಿ ಇಟ್ಟುಕೊಂಡಿದ್ದ.

"ದತ್ತಪ್ಪಾ, ನಿನ್ನ ಮಗಗ ಏನಾಗ್ಯಾದೋ?" ಆಯಿ ತನ್ನ ಮಗನನ್ನೇ ಕೇಳಿದಳು.

"ಏನಿಲ್ಲವ್ವಾ, ಆ ಟೀಚರ್ ಕಲಿಸ್ಯಾರ," ಅಂದರು ಅಪ್ಪ, ಸಂಕೋಚದಿಂದ. "ಒಲ್ಲೆ ಅನ್ನೋದ ಒಂದು ಪಾಠ ಅಂತ."

"ಒಲ್ಲೆ ಅನ್ನಾಕ ಸಾಲಿ ಬೇಕೇನೋ? ದೊಡ್ಡವರಿಗಿ ಎದುರಾಡೋದು ಪಾಠ ಏನು?" ಆಯಿ ಹೋಳಿಗೆಯನ್ನು ಬುಟ್ಟಿಗೆ ಹಾಕಿದಳು. "ನಾನ ಒಂದಿನ ಬಂದು ಆ ಟೀಚರಗ ನಾಕು ಮಾತು ಕೇಳ್ತೀನಿ. ತಡಿ."

ಯಶೋಧರಾಗೂ ಅದೇ ಸರಿ ಅನ್ನಿಸಿತು.

ಕಪಿಲನಿಗೆ ಹದಿನಾರು ವರ್ಷ. ಎತ್ತರದಲ್ಲಿ ಅಪ್ಪನನ್ನು ಮೀರಿಸಿದ್ದಾನೆ, ತೋಳಿನಲ್ಲಿ ಒಳ್ಳೆ ಬಲ. ಮಾತು ಮಾತ್ರ ನಿಧಾನ, ಎಲ್ಲವೂ ತಲೆಗೆ ಹೋಗುವುದೂ ನಿಧಾನ. ತಂಗಿ ಯಶೋಧರಾ ಐದನೇ ಕ್ಲಾಸು, ಮಾತಿನಲ್ಲಿ ಪಟಾಕಿ.

ಶಹರದಲ್ಲಿ, ಕಪನೂರಿನ ಅವರ ಗಲ್ಲಿಯಲ್ಲಿ ಎಲ್ಲರೂ ಕಪಿಲನಿಗೆ 'ಜಾಣ' ಅನ್ನುತ್ತಿದ್ದರು. ಯಾಕೆಂದರೆ ಅವನು ಎಲ್ಲದಕ್ಕೂ ಹೂಂ ಅನ್ನುತ್ತಿದ್ದ. "ಕಪಿಲಾ, ಎರಡು ಕೊಡ ನೀರು ತಂದುಕೊಡ್ತಿ?" ಹೂಂ. "ಕಪಿಲಾ, ಈ ಸಿಲಿಂಡರ್ ಹೊತ್ತು ತರ್ತಿ?" ಹೂಂ. "ಅಣ್ಣಾ, ನಿನ್ನ ಐಸ್‌ಕ್ರೀಮ್ ನಂಗ ಕೊಡ್ತಿ?" ಅದಕ್ಕೂ ಹೂಂ. ಈ ಕೊನೆಯದನ್ನು ಕೇಳುತ್ತಿದ್ದದ್ದು ಯಾರು ಅಂತ ಹೇಳಬೇಕೇ? ಯಶೋಧರಾನೇ. ಒಂದು ಸಲವಲ್ಲ, ಹೋದ ಬೇಸಿಗೆ ಪೂರ್ತಿ.

ಆಮೇಲೆ ಅವನು 'ಅಂಗಳ'ಕ್ಕೆ ಹೋಗತೊಡಗಿದ. ಅಂಗಳ ಅಂದರೆ ಜೇವರ್ಗಿ ಕಾಲೋನಿಯಲ್ಲಿ ಎರಡು ಕೋಣೆ, ಒಂದು ಬೇವಿನ ಮರ. ಕಪಿಲನಂಥ ಹನ್ನೆರಡು ಮಕ್ಕಳು ಅಲ್ಲಿ ಪೇಪರ್ ಚೀಲ ಮಾಡುತ್ತಾರೆ, ಹಾಡುತ್ತಾರೆ, ಗಡಿಯಾರ ನೋಡಲು ಕಲಿಯುತ್ತಾರೆ. ನಡೆಸುವವರು ನೂರಜಹಾನ್ ಟೀಚರ್.

ದಿನಾ ಮಧ್ಯಾಹ್ನ ಟೀಚರ್ ಎಲ್ಲರನ್ನೂ ಸುತ್ತ ಕೂರಿಸಿ ಕೇಳುತ್ತಿದ್ದರು. "ನಿನ್ನ ಮೂಗು ಹಿಂಡಲಾ?"

"ಒಲ್ಲೆ!" ಅಂತ ಕೂಗಬೇಕು. ಆಗ ಉಳಿದವರೆಲ್ಲ ಚಪ್ಪಾಳೆ ಹೊಡೆದು "ಒಲ್ಲೆ ಅಂದ್ರ ಒಲ್ಲೆ!" ಅನ್ನಬೇಕು.

ಕಪಿಲ ತಿಂಗಳುಗಟ್ಟಲೆ "ಹೂಂ" ಅಂತ ಮೂಗು ಮುಂದೆ ಮಾಡುತ್ತಿದ್ದ. ಟೀಚರ್ ಹಿಂಡುತ್ತಿರಲಿಲ್ಲ. "ನಾಳೆ ಕೇಳ್ತೀನಿ," ಅನ್ನುತ್ತಿದ್ದರು. ಕೊನೆಗೆ ಒಂದು ದಿನ ಅವನ ಬಾಯಿಂದ "ಒಲ್ಲೆ" ಹೊರಬಿತ್ತು. ಆವತ್ತಿನಿಂದ ಶುರುವಾಯಿತು ನೋಡಿ. ಎಣ್ಣೆ ಹಚ್ಚಿದರೆ ಒಲ್ಲೆ. ಹಸಿರು ಅಂಗಿ ಒಲ್ಲೆ. ಐಸ್‌ಕ್ರೀಮ್ ಕೇಳಿದರೂ ಒಲ್ಲೆ! ಈಗ ಆಯಿಯ ಹೋಳಿಗೆಗೂ ಒಲ್ಲೆ.

ಸಂಜೆ ಹೊರಡುವಾಗ ಆಯಿ ಸಿಟ್ಟಿನಲ್ಲೇ ಒಂದು ಚಿಪ್ಪು ಕೆಂಪು ಬಾಳೆಹಣ್ಣು ಕಟ್ಟಿಕೊಟ್ಟಳು. ಕಪಿಲ ಬಸ್ಸಿನಲ್ಲಿ ಒಂದನ್ನು ಬೆರಳ ತುದಿಯಿಂದ ಸುಲಿದು ತಿಂದ. 'ಇದಕ್ಕೆ ಮಾತ್ರ ಒಲ್ಲೆ ಇಲ್ಲ,' ಅಂದುಕೊಂಡು ಯಶೋಧರಾ ಕಿಟಕಿಯ ಕಡೆ ಮುಖ ತಿರುಗಿಸಿದಳು.

ಮರುದಿನ ಸಂಜೆ ಶಾಲೆ ಬಿಟ್ಟ ಕೂಡಲೇ ಯಶೋಧರಾ ಅಂಗಳಕ್ಕೆ ಓಡಿದಳು. ಅವಳ ಶಾಲೆ ಅದೇ ಕಾಲೋನಿಯಲ್ಲಿ. ಮೊದಲೆಲ್ಲ ಅಣ್ಣ ತಂಗಿ ಇಬ್ಬರೂ ಕೂಡಿಯೇ ಮನೆಗೆ ಹೋಗುತ್ತಿದ್ದರು. ಈಗ ಎರಡು ವಾರದಿಂದ ಅವಳಿಗೆ ಖೋಖೋ ಪ್ರಾಕ್ಟೀಸ್. ಹಾಗಾಗಿ ಕಪಿಲನನ್ನು ಗುರುಪ್ರಸಾದ ಅಂಕಲ್ ತಮ್ಮ ವ್ಯಾನಿನಲ್ಲಿ ಮನೆಗೆ ಬಿಡುತ್ತಿದ್ದರು.

ಗುರುಪ್ರಸಾದ ಅಂಕಲ್‌ಗೆ ಸ್ಟೇಶನ್ ಬಜಾರದಲ್ಲಿ ಪೇಂಟಿನ ಅಂಗಡಿ. ಅಂಗಳಕ್ಕೆ ಫ್ಯಾನ್ ಕೊಟ್ಟವರು ಅವರೇ. ಬಂದಾಗಲೆಲ್ಲ ಎಲ್ಲರಿಗೂ ಚಾಕ್ಲೇಟ್ ಹಂಚುತ್ತಿದ್ದರು. "ಎಂಥಾ ಒಳ್ಳೆ ಮನಶ್ಯಾ!" ಅಂತ ಅವ್ವ ಎಷ್ಟೋ ಸಲ ಅಂದಿದ್ದಳು.

ಇವತ್ತು ಟೀಮ್ ಸೆಲೆಕ್ಷನ್. ಟೀಚರಿಗೆ ಆಯಿಯ ದೂರು ಹೇಳಿ, ಎದ್ದುಬಿದ್ದು ಗ್ರೌಂಡಿಗೆ ಓಡಬೇಕು ಅಂತ ಅವಳ ಲೆಕ್ಕ.

ಗೇಟಿನಲ್ಲಿ ನೋಡಿದರೆ ಬೇರೆಯೇ ಆಟ ನಡೆದಿತ್ತು. ವ್ಯಾನಿನ ಬಾಗಿಲು ತೆರೆದಿದೆ. ಕಪಿಲ ಮೆಟ್ಟಿಲ ಮೇಲೆ ಕೂತು ಎರಡೂ ಕೈಯನ್ನು ಕಂಕುಳಲ್ಲಿ ಅಡಗಿಸಿಕೊಂಡಿದ್ದಾನೆ.

"ಒಲ್ಲೆ."

"ಏ ಜಾಣಾ, ಬಾರೋ! ಚಾಕ್ಲೇಟ್ ಬ್ಯಾಡೇನು?" ಅಂಕಲ್ ನಗುತ್ತಿದ್ದರು.

"ಒಲ್ಲೆ!"

ಯಶೋಧರಾಗೆ ಮೈಯೆಲ್ಲ ಉರಿಯಿತು. "ಅಣ್ಣಾ, ಏಳೋ! ಅಂಕಲ್ ಕಾಯಾಕತ್ತ್ಯಾರ. ನಂಗ ಲೇಟ್ ಆಗ್ತದ!" ಅಂತ ಅವನ ಕೈ ಹಿಡಿದು ಜಗ್ಗಿದಳು.

ಕಪಿಲ "ಅವ್ವಾ" ಅಂತ ಚೀರಿದ.

ಯಶೋಧರಾ ಗಾಬರಿಯಾಗಿ ಕೈ ಬಿಟ್ಟಳು. ಅವನ ಅಂಗೈ ನೋಡಿದಳು. ಬೆರಳ ಬುಡದಲ್ಲಿ ಸಾಲಾಗಿ ಗುಳ್ಳೆ. ಎರಡು ಒಡೆದು ಕೆಂಪಾಗಿದ್ದವು.

"ಇದೇನಾತೋ ಅಣ್ಣಾ?"

ಕಪಿಲ ಅವಳನ್ನು ನೋಡಲಿಲ್ಲ. ವ್ಯಾನ್ ನೋಡಿದ, ತಲೆ ಕೆಳಗೆ ಹಾಕಿದ.

ಚೀರಿದ್ದು ಕೇಳಿ ನೂರಜಹಾನ್ ಟೀಚರ್ ಹೊರಗೆ ಬಂದರು. ಈಗ ಅಣ್ಣನಿಗೆ ಬೈತಾರೆ ಅಂದುಕೊಂಡಳು ಯಶೋಧರಾ. ಟೀಚರ್ ಅವನ ಮುಂದೆ ನೆಲದ ಮೇಲೆಯೇ ಕೂತರು.

"ಕಪಿಲಾ, ನೀ ಒಲ್ಲೆ ಅಂದದ್ದು ಕೇಳಸ್ತು," ಅಂದರು ಮೆಲ್ಲಗೆ. "ಮನಿಗಿ ಹೋಗಾಕ ಒಲ್ಲೇನು?"

ಅವನು ತಲೆ ಅಲ್ಲಾಡಿಸಿದ. ಹಾಗಲ್ಲ ಅಂತ.

"ವ್ಯಾನ್ ಒಲ್ಲೇನು?"

"ಒಲ್ಲೆ. ವ್ಯಾನ್ ಒಲ್ಲೆ."

ಟೀಚರ್ ಎದ್ದು ನಿಂತರು. "ಸರ್, ನೀವು ಹೋಗ್ರಿ. ಕಪಿಲನ್ನ ಇವತ್ತ ನಾ ಕಳಿಸ್ತೀನಿ."

"ಅರೆ, ಟೀಚರ್! ಆ ಹುಚ್ಚ ಹುಡುಗನ ಮಾತು ಏನು ಹಿಡೀತೀರಿ?"

"ಅವನ ಹೆಸರು ಕಪಿಲ ರೀ," ಅಂದರು ಟೀಚರ್. ದನಿ ಏರಿಸಲಿಲ್ಲ. ಆದರೆ ಅಂಕಲ್‌ರ ನಗು ಹೋಯಿತು. ವ್ಯಾನ್ ಧೂಳೆಬ್ಬಿಸಿ ಹೊರಟುಹೋಯಿತು.

ಒಳಗೆ ಫ್ಯಾನಿನ ಕೆಳಗೆ ಕೂರಿಸಿ ಟೀಚರ್ ಅವನ ಕೈ ತೊಳೆದರು, ಮುಲಾಮು ಹಚ್ಚಿದರು. ಏನಾಯಿತು, ಹೇಗಾಯಿತು ಅಂತ ಮೇಲಿಂದ ಮೇಲೆ ಕೇಳಲಿಲ್ಲ. ಕಾದರು. ಯಶೋಧರಾಗೆ ನಾಲಿಗೆ ತುರಿಸುತ್ತಿತ್ತು, ಆದರೂ ತುಟಿ ಬಿಗಿಹಿಡಿದಳು.

ಬಹಳ ಹೊತ್ತಿನ ಮೇಲೆ ಕಪಿಲ ಅಂದ, "ಡಬ್ಬಿ."

"ಯಾವ ಡಬ್ಬಿ?"

"ಪೇಂಟ್. ಅಂಕಲ್ ಗೋಡೌನಿನಾಗ. ಭಾಳ ಭಾರ. ಲಾರಿಯಿಂದ ಇಳಸ್ತೀನಿ, ಮ್ಯಾಗ ಇಡ್ತೀನಿ." ಜೇಬಿನಿಂದ ಚಾಕ್ಲೇಟಿನ ಕಾಗದ ತೆಗೆದು ಟೀಚರ್ ಮುಂದೆ ಇಟ್ಟ. "ಅಂಕಲ್ ಅಂದಾರ, ಸೀಕ್ರೆಟ್. ಮನ್ಯಾಗ ಹೇಳಬ್ಯಾಡ. ಹೇಳಿದ್ರ ಅಂಗಳಾ ಬಂದ್ ಮಾಡಸ್ತೀನಿ ಅಂತ."

ಯಶೋಧರಾ ಆ ಕಾಗದ ಎತ್ತಿಕೊಂಡು ನೋಡಿದಳು. ಎರಡು ವಾರ! 'ವ್ಯಾನಿನಾಗ ಊರೆಲ್ಲಾ ಸುತ್ತಿ ಬರ್ತಾನ, ಆರಾಮ ಮಜಾ,' ಅಂತ ಅವಳೇ ಹೊಟ್ಟೆಕಿಚ್ಚು ಪಟ್ಟಿದ್ದಳು. ಗುಳ್ಳೆ ಎದ್ದ ಕೈಗೆ ಬಿಸಿ ತುಪ್ಪದ ಹೋಳಿಗೆ ಹೇಗೆ ಹಿಡಿಯಬೇಕಿತ್ತು ಅವನು? ಒಲ್ಲೆ ಅನ್ನದೆ ಇನ್ನೇನು ಅನ್ನಬೇಕಿತ್ತು?

"ಹೇಳಿದ್ದು ಭಾಳ ಚಲೋ ಮಾಡಿದಿ, ಕಪಿಲಾ," ಅಂದರು ಟೀಚರ್. "ನಿಂದೇನೂ ತಪ್ಪಿಲ್ಲ. ತಪ್ಪು ಅವರದು. ನಂದೂ ಅದ. ನಿನ್ನ ಒಬ್ಬನ್ನ ಕಳಿಸಬಾರದಿತ್ತು ನಾನು."

ದೊಡ್ಡವರು ಹೀಗೆ ತಪ್ಪು ಒಪ್ಪಿಕೊಂಡದ್ದನ್ನು ಯಶೋಧರಾ ಅಷ್ಟಾಗಿ ನೋಡಿರಲಿಲ್ಲ.

ಟೀಚರ್ ಫೋನ್ ಮಾಡಿದ ಮೇಲೆ ಅಪ್ಪ ವರ್ಕ್‌ಶಾಪಿನಿಂದ ಬಂದರು, ಕೈಗೆ ಮೆತ್ತಿದ ಗ್ರೀಸ್ ಕೂಡ ಒರೆಸಿಕೊಳ್ಳದೆ. ಎಲ್ಲ ಕೇಳಿ ಮಗನ ಪಕ್ಕ ಕುಸಿದು ಕೂತರು.

"ಟೀಚರ್, ಸುಮ್ಮನ ಬಿಟ್ಟುಬಿಡ್ರಿ," ಅಂದರು. "ಅವ್ರು ದೊಡ್ಡ ಮಂದಿ. ನಮ್ಮ ಸಲುವಾಗಿ ಅಂಗಳಾ ಬಂದ್ ಆಗೋದು ಬ್ಯಾಡ. ಈ ಹನ್ನೆರಡು ಮಕ್ಕಳು ಎಲ್ಲಿಗಿ ಹೋಗಬೇಕು?"

"ದತ್ತಪ್ಪಣ್ಣಾ, ಒಲ್ಲೆ ಅನ್ನಾಕ ನಾನ ಕಲಿಸೀನಿ," ಅಂದರು ಟೀಚರ್. "ಅವ ಅಷ್ಟು ಕಷ್ಟಪಟ್ಟು ಕಲ್ತು, ನನ್ನ ಮುಂದ ಅಂದಾನ. ಈಗ ನಾ ಕೇಳಲಿಲ್ಲಂದ್ರ ಮತ್ಯಾವತ್ತೂ ಅನ್ನಂಗಿಲ್ಲ."

ಅಲ್ಲೇ, ಅವರ ಮುಂದೆಯೇ, ಮಕ್ಕಳ ಸಹಾಯವಾಣಿಗೆ ಫೋನ್ ಹಚ್ಚಿದರು.

ಗ್ರೌಂಡಿನ ಕಡೆಯಿಂದ ಸೀಟಿ ಕೇಳಿಸಿತು. ಸೆಲೆಕ್ಷನ್ ಮುಗಿದಿರಬೇಕು. ಯಶೋಧರಾಗೆ ಆಗ ಅದು ನೆನಪಾಯಿತು, ಹಾಗೇ ಮರೆತೂಹೋಯಿತು.

ಮರುದಿನ ಗುರುಪ್ರಸಾದ ಅಂಕಲ್ ಬಂದು ಅಂಗಳದಲ್ಲಿ ನಿಂತು ಕೂಗಾಡಿದರಂತೆ. "ನನ್ನ ಫ್ಯಾನ್ ಬಿಚ್ಚಿಸ್ಕೊಂಡು ಹೋಗ್ತೀನಿ!" ಅಂದರಂತೆ. "ಬಿಚ್ಚಿಸ್ಕೋರಿ ಸರ್, ಸ್ಟೂಲ್ ತಂದುಕೊಡ್ಲೇನು?" ಅಂದರಂತೆ ಟೀಚರ್. ಫ್ಯಾನ್ ಹೋಯಿತು. ಅಂಗಳ ಮಾತ್ರ ಎಲ್ಲಿಗೂ ಹೋಗಲಿಲ್ಲ.

ಸಹಾಯವಾಣಿಯವರು ಬಂದು ಕಪಿಲನ ಜೊತೆ ಅವನಷ್ಟೇ ನಿಧಾನವಾಗಿ ಮಾತಾಡಿದರು. ಅಂಕಲ್‌ರ ಗೋಡೌನಿಗೂ ಹೋದರು, ಪೊಲೀಸರನ್ನು ಕರೆದುಕೊಂಡು. ಈಗ ಅಂಗಳದ ಯಾವ ಮಗುವನ್ನೂ ಹೊರಗಿನವರ ಜೊತೆ ಒಂಟಿಯಾಗಿ ಕಳಿಸುವುದಿಲ್ಲ. ಎಷ್ಟೇ ಒಳ್ಳೆ ಮನುಷ್ಯರಾಗಲಿ, ಏನೇ ದಾನ ಕೊಟ್ಟಿರಲಿ.

ಅದರ ಮುಂದಿನ ವಾರ ಯಶೋಧರಾ ಶಾಲೆ ಬಿಟ್ಟ ಮೇಲೆ ಅಂಗಳಕ್ಕೆ ಬಂದವಳೇ ಗಕ್ಕನೆ ನಿಂತಳು. ಬಾಗಿಲಲ್ಲಿ ಆಯಿ! ಕಮಲಾಪುರದಿಂದ ಒಬ್ಬಳೇ ಬಂದಿದ್ದಾಳೆ. ಒಂದು ಕೈಯಲ್ಲಿ ಬಾಳೆಹಣ್ಣಿನ ಚೀಲ, ಇನ್ನೊಂದರಲ್ಲಿ ಬೀಸಣಿಕೆಗಳ ಕಟ್ಟು.

"ಟೀಚರ್ ಅಂದ್ರ ಯಾರು?"

"ಆಯೀ, ಬೈಬ್ಯಾಡ!" ಯಶೋಧರಾ ಓಡಿಬಂದಳು.

ಆಯಿ ಅವಳನ್ನು ಪಕ್ಕಕ್ಕೆ ಸರಿಸಿ ಒಳಗೆ ಹೋದಳು. ನೂರಜಹಾನ್ ಟೀಚರ್ ಎದ್ದು ನಿಂತರು. ಆಯಿ ಚೀಲ ಕೆಳಗಿಟ್ಟು ಅವರ ಎರಡೂ ಕೈ ಹಿಡಿದುಕೊಂಡಳು.

"ನಾಕು ಮಾತು ಕೇಳ್ಬೇಕಂತ ಇದ್ದೆ ತಾಯೀ," ಅಂದಳು. "ಕೂಸಿನ ಕೈ ಸುಡಾಕತ್ತಿತ್ತು, ನಂಗ ನನ್ನ ಹೋಳಿಗಿದೇ ಚಿಂತಿ. ನೀ ಆ ಮಾತು ಕಲಿಸಿರಲಿಲ್ಲಂದ್ರ ಅವ ಇನ್ನೂ ಡಬ್ಬಿ ಹೊರತಿದ್ದ. ನಿನ್ನ ಹೊಟ್ಟಿ ತಣ್ಣಗಿರಲಿ. ನಿನ್ನ ಉಪಕಾರ ನಾ ಇರೋತನ ಮರಿಯಂಗಿಲ್ಲ." ಸೆರಗಿನಿಂದ ಕಣ್ಣೊರೆಸಿಕೊಂಡಳು. ಟೀಚರ್ ಕಣ್ಣೂ ಒದ್ದೆಯಾಯಿತು.

ಆಯಿ ಎಲ್ಲರಿಗೂ ಬೀಸಣಿಕೆ ಹಂಚಿದಳು. ಆಮೇಲೆ ಬಾಳೆಹಣ್ಣು ತೆಗೆದಳು. "ನಮ್ಮ ಕಮಲಾಪುರದ ಕೆಂಪು ಬಾಳಿಹಣ್ಣು. ಮೊದಲ ನೀ ತಿನ್ನು ತಾಯೀ."

"ಈಗಷ್ಟ ಚಾ-ನಾಷ್ಟಾ ಆಗ್ಯಾದ್ರೀ ಆಯಿ. ಒಲ್ಲೆ."

"ಹಾಂಗಂದ್ರ ನಡಿಯಂಗಿಲ್ಲ! ತಿನ್ನಬೇಕಂದ್ರ ತಿನ್ನಬೇಕು!"

ಕಪಿಲ ಎದ್ದು ನಿಂತ. ಅವನ ಹಿಂದೆ ಉಳಿದ ಹನ್ನೊಂದು ಮಕ್ಕಳೂ ಎದ್ದರು. ಚಪ್ಪಾಳೆ ಹೊಡೆದು ಒಂದೇ ದನಿಯಲ್ಲಿ ಕೂಗಿದರು.

"ಒಲ್ಲೆ ಅಂದ್ರ ಒಲ್ಲೆ!"

ಆಯಿ ಬೆಚ್ಚಿಬಿದ್ದಳು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಆತು ಬಿಡ್ರಪ್ಪಾ, ಆತು! ಸೋತೆ ನಾ," ಅಂತ ಹಣ್ಣನ್ನು ಚೀಲಕ್ಕೆ ಹಾಕಿದಳು.

ಮನೆಗೆ ಹೊರಡುವ ಹೊತ್ತಾದರೂ ಆಯಿ ಟೀಚರ್ ಜೊತೆ ಇನ್ನೂ ಮಾತಾಡುತ್ತಿದ್ದಳು. ಅಣ್ಣ ತಂಗಿ ಮೊದಲು ಹೊರಟರು.

ಮೇನ್ ರೋಡಿನಲ್ಲಿ ಆಟೋ, ಬಸ್ಸು, ಟಂಟಂ. ಇಲ್ಲಿ ಯಶೋಧರಾ ಯಾವಾಗಲೂ ಅಣ್ಣನ ಮುಂಗೈ ಹಿಡಿದು ದರದರ ಎಳೆದುಕೊಂಡು ದಾಟುತ್ತಿದ್ದಳು. ಇವತ್ತೂ ಕೈ ಚಾಚಿದಳು. ಹಾಗೇ ನಿಲ್ಲಿಸಿದಳು.

"ಅಣ್ಣಾ, ಕೈ ಹಿಡೀಲೇನು?"

ಕಪಿಲ ಅವಳ ಕೈ ನೋಡಿದ. ತನ್ನ ಅಂಗೈ ತಿರುಗಿಸಿ ನೋಡಿದ. ಗುಳ್ಳೆ ಒಣಗಿ ಹೊಸ ಚರ್ಮ ಬರುತ್ತಿತ್ತು. ರೋಡು ನೋಡಿದ. ಒಂದು ಬಸ್ಸು ಹೋಯಿತು. ಆಟೋಗಳು ಹೋದವು. ದಾಟಬಹುದಾದ ಜಾಗ ಬಂತು, ಮುಚ್ಚಿಕೊಂಡಿತು. ಯಶೋಧರಾಗೆ ಎಳೆದುಕೊಂಡು ಹೋಗಬೇಕು ಅನ್ನಿಸಿತು, ಆದರೂ ಕಾದಳು.

"ಹೂಂ," ಅಂದ ಕಪಿಲ.

ಅಣ್ಣ ಸಾವಿರ ಸಲ ಹೂಂ ಅಂದದ್ದನ್ನು ಅವಳು ಕೇಳಿದ್ದಳು. ಇದು ಮಾತ್ರ ಈಗ ತಾನೇ ಮೊದಲ ಸಲ ಕೇಳಿದ ಹಾಗಿತ್ತು. ಅವಳಿಗೆ ಯಾಕೋ ಅಳು ಬಂತು, ನಗುವೂ ಬಂತು.

ಗಾಯಕ್ಕೆ ತಾಗದಂತೆ ಅವನ ಬೆರಳು ಹಿಡಿದುಕೊಂಡಳು. ಇಬ್ಬರೂ ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು, ನಿಧಾನವಾಗಿ ರೋಡು ದಾಟಿದರು.